ಮಾತು, ರಂಗ, ಸನ್ನೆ: ಬಳ್ಳಾರಿಯ ಕಾಲೇಜುಗಳು ಕಲಿಸಬೇಕಾದ ಮೂರು ಪಾಠ

ಬಳ್ಳಾರಿ: ಕರ್ನಾಟಕ ಹೈಕೋರ್ಟ್‌ನಲ್ಲಿ 2024ರ ಏಪ್ರಿಲ್‌ನಲ್ಲಿ ನಡೆದ ಒಂದು ವಿಚಾರಣೆ ನಾಡಿನ ಗಮನ ಸೆಳೆದಿತ್ತು. ಶ್ರವಣದೋಷವುಳ್ಳ ವಕೀಲೆ ಸಾರಾ ಸನ್ನಿ ಅವರು ಸನ್ನೆ ಭಾಷೆಯಲ್ಲಿ ವಾದ ಮಂಡಿಸಿದರು. ದುಭಾಷಿಯೊಬ್ಬರು ಅದನ್ನು ನ್ಯಾಯಪೀಠಕ್ಕೆ ಮಾತಿನಲ್ಲಿ ತಲುಪಿಸಿದರು. ಅದಕ್ಕೂ ಮುನ್ನ, 2023ರ ಸೆಪ್ಟೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಕಲಾಪದಲ್ಲಿಯೂ ಅವರು ದುಭಾಷಿಯ ನೆರವಿನಿಂದ ಪಾಲ್ಗೊಂಡಿದ್ದರು. ನ್ಯಾಯಾಂಗದ ಇತಿಹಾಸದಲ್ಲಿ ಇದೊಂದು ಹೊಸ ಅಧ್ಯಾಯ ಎಂಬ ಮೆಚ್ಚುಗೆ ಎಲ್ಲೆಡೆಯಿಂದ ಕೇಳಿಬಂತು.

ಆ ಮೆಚ್ಚುಗೆ ಸಹಜವಾದುದೇ. ಆದರೆ ಅದೇ ನ್ಯಾಯ ತಾಲ್ಲೂಕು ಮಟ್ಟಕ್ಕೆ ಇಳಿಯುವುದು ಹೇಗೆ? ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ದುಡಿಯುವ ಕಿವುಡ ಮಹಿಳೆಯೊಬ್ಬರು ಪೊಲೀಸ್ ಠಾಣೆಗೆ ದೂರು ನೀಡಲು ಬಂದರೆ, ಕುರುಗೋಡಿನ ಕಿವುಡ ಯುವಕನೊಬ್ಬ ತನ್ನ ನೋವು ಎಲ್ಲಿ, ಎಂದಿನಿಂದ ಎಂಬುದನ್ನು ವೈದ್ಯರಿಗೆ ವಿವರಿಸಬೇಕಾದರೆ, ನಡುವೆ ನಿಂತು ಅರ್ಥ ಹೇಳುವವರು ಯಾರು? ಸಾಮಾನ್ಯವಾಗಿ ಆ ಹೊಣೆ ತಾಯಿ, ಅಣ್ಣ ಅಥವಾ ನೆರೆಮನೆಯವರ ಮೇಲೆ ಬೀಳುತ್ತದೆ. ದೂರು ಮನೆಯವರ ವಿರುದ್ಧವೇ ಇದ್ದರೆ ಆ ದಾರಿಯೂ ಮುಚ್ಚಿಹೋಗುತ್ತದೆ. ಈ ಕೊರತೆಯನ್ನು ನ್ಯಾಯಾಲಯದ ಆದೇಶವೊಂದರಿಂದ ತುಂಬಲು ಸಾಧ್ಯವಿಲ್ಲ. ಜನರನ್ನು ತಯಾರು ಮಾಡಬೇಕು. ಅದು ಕಾಲೇಜುಗಳ ಕೆಲಸ.

ಕಾನೂನಿಗೆ ಬರವಿಲ್ಲ

ಕಾನೂನಿನ ಬೆಂಬಲ ಈಗಾಗಲೇ ಸಾಕಷ್ಟಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸನ್ನೆ ಭಾಷೆಯನ್ನು ಸಂವಹನ ಮಾಧ್ಯಮಗಳಲ್ಲಿ ಒಂದೆಂದು ಒಪ್ಪಿಕೊಂಡಿದೆ. ಸನ್ನೆ ಭಾಷೆ ಬಲ್ಲ ಶಿಕ್ಷಕರಿಗೆ ತರಬೇತಿ ನೀಡಿ ನೇಮಿಸಿಕೊಳ್ಳಬೇಕೆಂದು ಸರ್ಕಾರಗಳಿಗೆ ಸೂಚಿಸಿದೆ. ಸಂಸ್ಕೃತಿಗೆ ಸಂಬಂಧಿಸಿದ ಅದರ 29ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಗವಿಕಲರೂ ಭಾಗವಹಿಸುವಂತೆ ಕಲಾ ವಿಷಯಗಳ ಪಠ್ಯಕ್ರಮವನ್ನೇ ಮರುರೂಪಿಸಬೇಕೆಂದು ಹೇಳುತ್ತದೆ. ಮಾತನಾಡಲಾರದ ಸಾಕ್ಷಿಯು ಬರಹ ಇಲ್ಲವೇ ಸನ್ನೆಯ ಮೂಲಕ ಸಾಕ್ಷ್ಯ ನುಡಿಯಬಹುದು, ಅದಕ್ಕೆ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆದು ಚಿತ್ರೀಕರಣ ಮಾಡಬೇಕು ಎಂಬ ನಿಯಮ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ.

ಕೇಂದ್ರ ಮಟ್ಟದಲ್ಲಿ ಕೆಲಸವೂ ನಡೆದಿದೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳೊಂದಿಗೆ ಆರಂಭಿಸಿದ ನಿಘಂಟು 2021ರ ವೇಳೆಗೆ 10,000 ಪದಗಳಿಗೆ ಬೆಳೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸನ್ನೆ ಭಾಷೆಯನ್ನು ದೇಶಾದ್ಯಂತ ಪ್ರಮಾಣೀಕರಿಸುವುದರ ಜತೆಗೆ ಸ್ಥಳೀಯ ಸನ್ನೆಗಳನ್ನೂ ಗೌರವಿಸಬೇಕೆಂದು ಹೇಳಿತು. 2021ರಲ್ಲಿ ಮುಕ್ತ ಶಾಲಾ ಶಿಕ್ಷಣ ವ್ಯವಸ್ಥೆಯಲ್ಲಿ ಅದೊಂದು ಭಾಷಾ ವಿಷಯವಾಯಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವುಳ್ಳವರು ಸುಮಾರು 50.7 ಲಕ್ಷ, ವಾಕ್‌ದೋಷವುಳ್ಳವರು ಸುಮಾರು 20 ಲಕ್ಷ. ಇಷ್ಟು ಜನರಿಗೆ ಕಾಗದದ ಮೇಲಿನ ಹಕ್ಕು ಬಳಕೆಗೆ ಬರಬೇಕಾದರೆ ಪ್ರತಿ ತಾಲ್ಲೂಕಿನಲ್ಲೂ ಆ ಭಾಷೆ ಬಲ್ಲವರು ಬೇಕು.

ಬಳ್ಳಾರಿಗೆ ಇರುವ ಬಂಡವಾಳ

ಈ ವಿಚಾರದಲ್ಲಿ ಬಳ್ಳಾರಿ ಬರಿಗೈಯಲ್ಲಿ ನಿಂತಿಲ್ಲ. ರಾಜ್ಯ ಸರ್ಕಾರ ಶ್ರವಣದೋಷವುಳ್ಳ ಮಕ್ಕಳಿಗಾಗಿ ಮೈಸೂರು, ಬೆಳಗಾವಿ, ಕಲಬುರಗಿಗಳಲ್ಲಿ ತೆರೆದಂತೆ ಇಲ್ಲಿಯೂ ವಸತಿ ಶಾಲೆಯನ್ನು ತೆರೆದಿದೆ. 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಇದೆ. 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ.

ಇವೆಲ್ಲಕ್ಕಿಂತ ಹಳೆಯದು ಇಲ್ಲಿನ ರಂಗಪರಂಪರೆ. ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ವಕೀಲಿ ವೃತ್ತಿ ನಡೆಸುತ್ತಲೇ ನಾಟಕ ಬರೆದು ಆಡಿಸಿದ ಊರಿದು. ಅವರ ಬೆನ್ನಿಗೆ ಬಂದ ಬಳ್ಳಾರಿ ರಾಘವರು (1880-1946) ಸಹ ವಕೀಲರೇ. ತೆಲುಗು, ಕನ್ನಡ, ಇಂಗ್ಲಿಷ್ ರಂಗಗಳಲ್ಲಿ ಸಮಾನವಾಗಿ ಮೆರೆದವರು. ಗಮಕ ಮತ್ತು ರಂಗಭೂಮಿ ಎರಡರಲ್ಲೂ ಹೆಸರಾದ ಜೋಳದರಾಶಿ ದೊಡ್ಡನಗೌಡರು, ವೃತ್ತಿರಂಗಭೂಮಿಯ ಸುಭದ್ರಮ್ಮ ಮನ್ಸೂರು, ತೊಗಲುಗೊಂಬೆಗಳಿಗೆ ಜೀವ ತುಂಬಿ 2023ರಲ್ಲಿ ನಿಧನರಾದ ಬೆಳಗಲ್ಲು ವೀರಣ್ಣ ಇದೇ ನೆಲದವರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಮಂಜಮ್ಮ ಜೋಗತಿ ಅವರು ಹುಟ್ಟಿದ್ದು ಕುರುಗೋಡು ಸಮೀಪದ ಕಲ್ಲುಕಂಬದಲ್ಲಿ. ಸಮಾಜ ಅಂಚಿಗೆ ತಳ್ಳಿದ ಸಮುದಾಯವೊಂದರ ದನಿಯನ್ನು ಎಲ್ಲರಿಗೂ ಕೇಳುವಂತೆ ಮಾಡಿದ್ದು ಅವರ ಪಾಲಿಗೆ ರಂಗವೇ.

ಒಂದು ನಾಲಿಗೆಗೆ ಕಟ್ಟುಬೀಳದ ಈ ರಂಗದ ಗುಣ ಇಲ್ಲಿ ಮುಖ್ಯವಾಗುತ್ತದೆ. ಬಳ್ಳಾರಿ 1953ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ಗಡಿ ಜಿಲ್ಲೆ. ಮನೆಯಲ್ಲಿ ತೆಲುಗು ಇಲ್ಲವೇ ಉರ್ದು, ಶಾಲೆಯಲ್ಲಿ ಕನ್ನಡ ಎಂಬುದು ಇಲ್ಲಿನ ಅನೇಕ ಮಕ್ಕಳ ನಿತ್ಯದ ಅನುಭವ. ಕೇಳಿಸಿಕೊಳ್ಳಬಲ್ಲ ಮಗು ಆಡುತ್ತಾಡುತ್ತ ಎರಡು ಮೂರು ಭಾಷೆ ಕಲಿಯುತ್ತದೆ. ಕಿವುಡ ಮಗುವಿಗೆ ಅದೇ ಪರಿಸರ ಎರಡು ಮೂರು ಗೋಡೆಗಳಾಗಿ ಪರಿಣಮಿಸುತ್ತದೆ. ಈ ಮೂರೂ ಮನೆಗಳ ಕಿವುಡ ಮಕ್ಕಳು ಒಂದೆಡೆ ಸೇರಿದಾಗ ಅವರಿಗೆಲ್ಲ ಸಮಾನವಾಗಿ ಎಟುಕುವ ಭಾಷೆ ಸನ್ನೆಯೊಂದೇ.

ಮೂರು ವಿದ್ಯೆ, ಮೂರು ಬಾಗಿಲು

ಮಾತು, ರಂಗ, ಸನ್ನೆ ಒಂದೇ ಕುಟುಂಬಕ್ಕೆ ಸೇರಿದ ವಿದ್ಯೆಗಳು. ನಾಟ್ಯಶಾಸ್ತ್ರವು ವಾಚಿಕ ಮತ್ತು ಆಂಗಿಕಗಳನ್ನು ಅಭಿನಯದ ಅಂಗಗಳೆಂದು ಒಟ್ಟಿಗೆ ಹೇಳಿತು. ನಮ್ಮ ಶಿಕ್ಷಣ ವ್ಯವಸ್ಥೆ ಮಾತ್ರ ಮೂರನ್ನೂ ಬೇರೆ ಬೇರೆ ಬಾಗಿಲುಗಳ ಹಿಂದೆ ಇರಿಸಿದೆ. ವಾಕ್ ಮತ್ತು ಶ್ರವಣ ವಿಜ್ಞಾನ ಕಲಿಯಬೇಕೆಂದರೆ ನೆನಪಾಗುವುದು 1960ರ ದಶಕದಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ರಂಗಶಿಕ್ಷಣಕ್ಕೆ ಹೆಗ್ಗೋಡಿನ ನೀನಾಸಂ ಅಥವಾ ರಂಗಾಯಣ. ಸನ್ನೆ ಭಾಷೆಯ ಪ್ರಮಾಣಿತ ತರಬೇತಿಗೆ ದೆಹಲಿ. ಸಿರುಗುಪ್ಪದ ಕೂಲಿಕಾರರ ಮಗಳಿಗೆ ಈ ಮೂರೂ ದೂರದ ಊರುಗಳು.

ಸಮುದಾಯ ಕಾಲೇಜು ಎಂಬ ಕಲ್ಪನೆ ಹುಟ್ಟಿದ್ದೇ ಈ ದೂರವನ್ನು ಕಡಿಮೆ ಮಾಡಲು. ಅಮೆರಿಕದಲ್ಲಿ ಊರ ಮಕ್ಕಳು ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಓದಿ, ಬೇಕೆಂದರೆ ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ವ್ಯವಸ್ಥೆ ಇದು. ಅಲ್ಲಿನ ಕೆಲವು ಸಮುದಾಯ ಕಾಲೇಜುಗಳಲ್ಲಿ ಭಾಷಣಕಲೆ, ರಂಗಭೂಮಿ ಹಾಗೂ ಸನ್ನೆ ಭಾಷೆಗಳನ್ನು ಒಂದೇ ವಿಭಾಗದಲ್ಲಿ ಕಲಿಸಲಾಗುತ್ತದೆ. ಭಾರತದಲ್ಲಿ ತೊಂಬತ್ತರ ದಶಕದಲ್ಲಿ ಪುದುಚೇರಿ, ಚೆನ್ನೈಗಳಲ್ಲಿ ಈ ಪ್ರಯೋಗ ಮೊಳೆಯಿತು. ಬಳಿಕ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ ಸ್ಥಳೀಯ ಉದ್ಯೋಗಗಳಿಗೆ ಹೊಂದುವ ಸರ್ಟಿಫಿಕೇಟ್, ಡಿಪ್ಲೊಮಾಗಳಿಗಾಗಿ ಈಗಿರುವ ಕಾಲೇಜುಗಳಲ್ಲಿಯೇ ಸಮುದಾಯ ಕಾಲೇಜು ಯೋಜನೆಯನ್ನು ರೂಪಿಸಿತು. ಅಂದರೆ ಹೊಸ ಕಟ್ಟಡ ಬೇಕಿಲ್ಲ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನ ಪದವಿ ಕಾಲೇಜುಗಳ ಸಂಜೆಯ ಖಾಲಿ ಕೊಠಡಿಗಳೇ ಸಾಕು.

ಎಚ್ಚರ ವಹಿಸಬೇಕಾದ ಅಂಶಗಳು

ಆದರೆ ಇಲ್ಲಿ ಕೆಲವು ತಪ್ಪು ತಿಳಿವಳಿಕೆಗಳಿಗೆ ಅವಕಾಶವಿರಬಾರದು. ಮೊದಲನೆಯದು, ಸನ್ನೆ ಭಾಷೆಯೆಂದರೆ ಮೂಕಾಭಿನಯ ಎಂಬ ಭಾವನೆ. ಅದಕ್ಕೆ ತನ್ನದೇ ವ್ಯಾಕರಣವಿದೆ. ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನಾರ್ಥಕ ಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹುಬ್ಬಿನ ಚಲನೆ, ಮುಖದ ಭಾವಗಳು ವ್ಯಾಕರಣದ ಭಾಗವಾಗಿಯೇ ಕೆಲಸ ಮಾಡುತ್ತವೆ. ಇಲ್ಲಿಯೇ ರಂಗತರಬೇತಿ ನೆರವಿಗೆ ಬರುವುದು. ಮುಖ ಮತ್ತು ಮೈಯನ್ನು ಸಂಕೋಚವಿಲ್ಲದೆ ಬಳಸಲು ಕಲಿತವರಿಗೆ ಈ ಭಾಷೆ ಬೇಗ ಒಲಿಯುತ್ತದೆ.

ಎರಡನೆಯದು, ಮಾತು ಮತ್ತು ಸನ್ನೆ ಪರಸ್ಪರ ಶತ್ರುಗಳೆಂಬ ಹಳೆಯ ವಾದ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳಿಗೆ ತುಟಿಚಲನೆ ಮತ್ತು ಮಾತನ್ನಷ್ಟೇ ಕಲಿಸಬೇಕೆಂದು ನಿರ್ಣಯಿಸಿತು. ಅದರ ಪರಿಣಾಮವಾಗಿ ಜಗತ್ತಿನ ಅನೇಕ ಶಾಲೆಗಳಿಂದ ಸನ್ನೆ ಹೊರಬಿತ್ತು. 2010ರಲ್ಲಿ ವ್ಯಾಂಕೂವರ್ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಲು 130 ವರ್ಷಗಳೇ ಹಿಡಿದವು. ಶ್ರವಣಸಾಧನ, ವಾಕ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಇವೆಲ್ಲ ಬೇಕು. ಅವು ಫಲ ನೀಡುವ ತನಕ, ಅಥವಾ ಫಲ ನೀಡದಿದ್ದಾಗ, ಮಗು ಯಾವ ಭಾಷೆಯೂ ಇಲ್ಲದೆ ಬೆಳೆಯಬಾರದು.

ಮೂರನೆಯದು ಅರ್ಹತೆಯ ಪ್ರಶ್ನೆ. ಆರು ತಿಂಗಳ ಸರ್ಟಿಫಿಕೇಟ್ ಪಡೆದವರನ್ನು ನ್ಯಾಯಾಲಯದ ದುಭಾಷಿಯನ್ನಾಗಿ ನಿಲ್ಲಿಸುವುದು ಅಪಾಯಕಾರಿ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ಡಿಪ್ಲೊಮಾ ಅಗತ್ಯ. ಸಮುದಾಯ ಕಾಲೇಜಿನದು ಮೊದಲ ಮೆಟ್ಟಿಲು: ಠಾಣೆಯ ಸಿಬ್ಬಂದಿ, ಶುಶ್ರೂಷಕಿ, ಆಶಾ ಕಾರ್ಯಕರ್ತೆ, ಬ್ಯಾಂಕ್ ಗುಮಾಸ್ತ, ಶಿಕ್ಷಕ, ಕಿವುಡ ಮಕ್ಕಳ ತಂದೆತಾಯಿಯರು ಇವರೆಲ್ಲ ನಿತ್ಯದ ಸಂಭಾಷಣೆ ನಡೆಸುವಷ್ಟು ಕಲಿಯುವ ಸ್ಥಳ. ಅಲ್ಲಿ ಆಸಕ್ತಿ ಕುದುರಿದವರು ಡಿಪ್ಲೊಮಾಕ್ಕೆ ಮುಂದುವರಿಯಲಿ. ಕಲಿಸುವ ಸ್ಥಾನದಲ್ಲಿ ಕಿವುಡರೇ ಇರಬೇಕೆಂಬುದೂ ಅಷ್ಟೇ ಮುಖ್ಯ. ಆ ಭಾಷೆ ಅವರದು. ಅದರಿಂದ ಹುಟ್ಟುವ ಮೊದಲ ಉದ್ಯೋಗವೂ ಅವರಿಗೇ ಸಲ್ಲಬೇಕು.

ಹಣದ ಮಾತು

ಇಂಥ ಪ್ರಸ್ತಾವಗಳಿಗೆ ಸಿಗುವ ಸಿದ್ಧ ಉತ್ತರ ಹಣವಿಲ್ಲ ಎಂಬುದು. ಬಳ್ಳಾರಿಯ ಮಟ್ಟಿಗೆ ಆ ಉತ್ತರ ಒಪ್ಪತಕ್ಕದ್ದಲ್ಲ. ಗಣಿ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯನ್ವಯ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಅದಿರಿನ ಈ ಜಿಲ್ಲೆಗೆ ಲಭ್ಯವಿದೆ. ಅದರ ಬಳಕೆಗೆ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಶಿಕ್ಷಣ, ಆರೋಗ್ಯ, ಕೌಶಲ ಅಭಿವೃದ್ಧಿ ಹಾಗೂ ಅಂಗವಿಕಲರ ಕಲ್ಯಾಣವನ್ನು ಆದ್ಯತೆಯ ಕ್ಷೇತ್ರಗಳೆಂದು ಹೆಸರಿಸಿದೆ. ಈ ಪ್ರಸ್ತಾವ ಆ ನಾಲ್ಕಕ್ಕೂ ಸಲ್ಲುವಂಥದು. ಗಣಿ, ಉಕ್ಕು, ಅಕ್ಕಿ ಗಿರಣಿಗಳ ಸದ್ದಿನ ನಡುವೆ ದುಡಿಯುವವರಿಗೂ ಶ್ರವಣದೋಷದ ಭೀತಿ ಇದ್ದೇ ಇದೆ. ಶಬ್ದದಿಂದ ಬರುವ ಕಿವುಡುತನಕ್ಕೆ 1948ರ ಕಾರ್ಖಾನೆ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿಯೂ ಸ್ಥಾನ ದೊರೆತಿತ್ತು. ನೆಲ ಅಗೆದು ಬಂದ ಹಣದಲ್ಲಿ ಒಂದಂಶ ಈ ನೆಲದವರ ಸಂವಹನಕ್ಕೆ ಸಲ್ಲುವುದು ನ್ಯಾಯವೇ ಆಗಿದೆ.

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಮಾತನಾಡಬಲ್ಲವರು ತಾವಾಗಿ ಆರಿಸಿಕೊಂಡ ಮೌನಕ್ಕೆ ಸಲ್ಲುತ್ತದೆ. ಕೇಳುವವರಿಲ್ಲದೆ ಹೇರಲ್ಪಟ್ಟ ಮೌನಕ್ಕೆ ಆ ಬೆಲೆ ಕಟ್ಟಲಾಗದು. ವಿಶ್ವವಿದ್ಯಾಲಯ, ಅಂಗವಿಕಲರ ಸಬಲೀಕರಣ ಇಲಾಖೆ ಮತ್ತು ಜಿಲ್ಲಾಡಳಿತ ಒಂದೆಡೆ ಕುಳಿತು ಮೂರು ಕಾಲೇಜುಗಳಲ್ಲಿ ಒಂದೊಂದು ತರಗತಿಯನ್ನಾದರೂ ಆರಂಭಿಸಲಿ. ಹೈಕೋರ್ಟ್‌ನಲ್ಲಿ ಸುದ್ದಿಯಾದದ್ದು ಸಿರುಗುಪ್ಪ, ಕುರುಗೋಡುಗಳಲ್ಲಿ ಸುದ್ದಿಯೇ ಅಲ್ಲದ ದಿನನಿತ್ಯದ ಸಂಗತಿಯಾಗುವುದು ಆಗಷ್ಟೇ ಸಾಧ್ಯ.