ತಂಬೂರಿಯ ಬಿರಡೆ ಜಾರಿದಾಗ

ಮನೆಯೊಳಗಣ ಸಾಮಾನುಗಳಲ್ಲಿ ಕೆಲವು ಕೆಟ್ಟರೆ ಕೂಡಲೇ ಗೊತ್ತಾಗುವದು. ಕೊಡ ಸೋರಿದರೆ ನೆಲ ನೆನೆಯುವದು; ಬಾಗಿಲ ಕೀಲು ಸಡಲಿದರೆ ಕಿರುಗುಟ್ಟುವದು. ಆದರೆ ತಂಬೂರಿಯ ಬಿರಡೆಯು ಜಾರುವದು ಎಷ್ಟೋ ದಿವಸ ಯಾರ ಲಕ್ಷ್ಯಕ್ಕೂ ಬಾರದೆ ಹೋಗಬಹುದು. ತಂತಿಯು ಕೂದಲೆಳೆಯಷ್ಟು ಇಳಿಯುವದು; ಹಾಡುವವರ ದನಿಯೂ ಅದರ ಬೆನ್ನು ಹತ್ತಿ ಇಳಿಯುವದು. ನುರಿತವರು ಅದನ್ನು ಕಂಡುಹಿಡಿದಾರು. ಈಗತಾನೆ ಸರಿಗಮ ಕಲಿಯತೊಡಗಿದ ಮಗುವಿಗೆ ಮಾತ್ರ ತಂಬೂರಿಯು ನುಡಿದದ್ದೇ ಷಡ್ಜ. ಆ ವಯಸ್ಸಿನಲ್ಲಿ ಕಿವಿಗೆ ಹತ್ತಿದ ತಪ್ಪನ್ನು ಮುಂದೆ ಬಿಡಿಸುವದು ಬಹು ಕಷ್ಟ. ಆದುದರಿಂದ ಈ ಸಣ್ಣ ಕೆಲಸವನ್ನು ಗೃಹಸ್ಥರೂ ಗೃಹಿಣಿಯರೂ ತಾವೇ ಅರಿತಿರುವದು ಒಳಿತು.

ಸತ್ತಿ, ಅಥಣಿ, ರಾಯಬಾಗ, ಚಿಕ್ಕೋಡಿಗಳ ಕಡೆಯವರಿಗೆ ಈ ವಿಷಯವು ದೂರದ್ದಲ್ಲ. ಔಷಧೋಪಚಾರಕ್ಕೆಂದು ನಮ್ಮ ಜನ ಹೋಗಿಬರುವ ಮಿರಜವೇ ತಂಬೂರಿ ಸಿತಾರಗಳ ತವರೂರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದ ಫರೀದಸಾಹೇಬರು ಅಲ್ಲಿ ತಂತಿವಾದ್ಯಗಳ ಕೆಲಸಕ್ಕೆ ಕೈಯಿಟ್ಟರು. ಅವರ ವಂಶದವರೂ ಶಿಷ್ಯರೂ ಅದನ್ನು ಇಂದಿಗೂ ನಡೆಯಿಸಿಕೊಂಡು ಬಂದಿರುವರು. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳೆರಡಕ್ಕೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಖಾನಸಾಹೇಬ ಅಬ್ದುಲ ಕರೀಮಖಾನರು 1937ರಲ್ಲಿ ತೀರಿಕೊಳ್ಳುವವರೆಗೆ ನೆಲೆನಿಂತದ್ದು ಈ ಊರಿನಲ್ಲಿಯೇ. 1924ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ತಂಬೂರಿಗಳನ್ನು ಕೂಡಿಸುವದರಲ್ಲಿ ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದು ಸಂಗೀತಪ್ರಿಯರಿಗೆಲ್ಲ ಗೊತ್ತು. ಅಂಥವರೇ ಇಷ್ಟು ಜಾಗರೂಕರಾಗಿದ್ದ ಮೇಲೆ ನಾವು ಉದಾಸೀನರಾಗಿರುವದು ತರವಲ್ಲ.

ಮೊದಲು ದೋಷವೆಲ್ಲಿದೆಯೆಂಬುದನ್ನು ಗೊತ್ತುಪಡಿಸಿಕೊಳ್ಳಬೇಕು. ಶ್ರುತಿಯಿಳಿದ ಮಾತ್ರಕ್ಕೆ ಬಿರಡೆಯ ಮೇಲೆ ತಪ್ಪು ಹೊರಿಸಲಾಗದು. ತಂತಿಯನ್ನು ಸರಿಯಾಗಿ ಕೂಡಿಸಿ, ಬಿರಡೆಯ ಮೇಲಿಂದ ದಂಡಿಯ ಮೇಲಕ್ಕೆ ಹಾಯುವಂತೆ ಸೀಸಕಡ್ಡಿಯಿಂದ ತೆಳ್ಳಗೆ ಒಂದು ಗೆರೆಯನ್ನೆಳೆಯಿರಿ. ಒಂದು ತಾಸಿನ ಮೇಲೆ ನೋಡಿರಿ. ಗೆರೆಯ ಎರಡು ತುಂಡುಗಳು ಒಂದಕ್ಕೊಂದು ಸರಿಹೋಗದಿದ್ದರೆ ಬಿರಡೆಯು ಜಾರುತ್ತಿರುವದು ನಿಜ. ಗೆರೆಯು ಇದ್ದಂತೆಯೇ ಇದ್ದು ಸ್ವರ ಮಾತ್ರ ಇಳಿದಿದ್ದರೆ ತಪ್ಪು ಬೇರೆ ಕಡೆಗಿರುವದು. ಹೊಸ ತಂತಿಯು ಕೆಲವು ದಿವಸ ಹಿಗ್ಗುವದು ಸಹಜ. ಬಿರಡೆಗೆ ಸುತ್ತಿದ ಸುತ್ತುಗಳು ಒಂದರ ಪಕ್ಕಕ್ಕೊಂದು ಬರದೆ ಒಂದರ ಮೇಲೊಂದು ಬಿದ್ದಿದ್ದರೆ ಅವು ಕುಸಿದು ತಂತಿ ಸಡಲುವದು. ಕುದುರೆಯ ಕೆಳಗಿರುವ ಮಣಿಯು ಸರಿದರೂ ಹಾಗೆಯೇ ಆಗುವದು. ಇವಕ್ಕೆ ಬಿರಡೆಯನ್ನು ಮುಟ್ಟುವ ಕಾರಣವೇ ಇಲ್ಲ.

ಬಿರಡೆಯು ನಿಲ್ಲುವದು ಯಾವ ಮೊಳೆಯಿಂದಲೂ ಅಲ್ಲ, ಕೇವಲ ಒತ್ತಿನಿಂದ. ಅದರ ಕಾಲು ತುದಿಯ ಕಡೆಗೆ ಸಣ್ಣದಾಗುತ್ತ ಹೋಗಿರುವದು; ರಂಧ್ರವೂ ಅದಕ್ಕೆ ತಕ್ಕಂತೆಯೇ ಇರುವದು. ಕಟ್ಟಿಗೆಯಾದರೋ ಹವೆಯ ಪಸೆಯನ್ನು ಹೀರಿ ಉಬ್ಬುವದು, ಒಣಗಿದಾಗ ಕುಗ್ಗುವದು. ಈ ಉಬ್ಬುಕುಗ್ಗು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು, ಅಡ್ಡಕ್ಕೂ ಎಲ್ಲ ಕಡೆಗೆ ಸಮನಲ್ಲ. ಹೀಗಾಗಿ ದುಂಡಗಿದ್ದ ಬಿರಡೆಯೂ ರಂಧ್ರವೂ ತುಸು ಮೊಟ್ಟೆಯಾಕಾರವಾಗಿ, ಎರಡರ ಸಂಬಂಧ ಅಲ್ಲಲ್ಲಿ ತಪ್ಪಿಹೋಗುವದು. ನಮ್ಮ ಸೀಮೆಯ ಚೈತ್ರ ವೈಶಾಖಗಳ ಒಣಬಿಸಿಲಿನಲ್ಲಿ ಬಿರಡೆ ಜಾರುವದೂ, ಶ್ರಾವಣದ ಭಜನೆಯ ದಿನಗಳಲ್ಲಿ ಅದೇ ಬಿರಡೆ ಅಲುಗಾಡದೆ ಕಚ್ಚಿಕೊಳ್ಳುವದೂ ಈ ಕಾರಣದಿಂದಲೇ.

ಇನ್ನು ಉಪಾಯಗಳು. ಮೊದಲನೆಯದು ಬಹು ಸುಲಭ. ತಂತಿಯನ್ನು ಸಾಕಷ್ಟು ಸಡಲಿಸಿ, ದಂಡಿಯನ್ನು ಆಚೆಯಿಂದ ಒಂದು ಕೈಯಿಂದ ಆನಿಸಿ ಹಿಡಿದು, ಇನ್ನೊಂದು ಕೈಯಿಂದ ಬಿರಡೆಯನ್ನು ಒಳಕ್ಕೆ ಒತ್ತುತ್ತ ತಿರುವುತ್ತ ಸ್ವರಕ್ಕೆ ತರಬೇಕು. ಒತ್ತುವದೂ ತಿರುವುವದೂ ಒಟ್ಟಿಗೆ ನಡೆಯತಕ್ಕದ್ದು. ಎಷ್ಟೋ ಬಿರಡೆಗಳು ಇಷ್ಟರಿಂದಲೇ ನೆಟ್ಟಗಾಗುವವು.

ಇದರಿಂದಾಗದಿದ್ದರೆ ಆ ಒಂದು ತಂತಿಯನ್ನಷ್ಟೇ ಬಿಚ್ಚಿ ಬಿರಡೆಯನ್ನು ಹೊರತೆಗೆಯಿರಿ. ನಾಲ್ಕೂ ತಂತಿಗಳನ್ನು ಒಮ್ಮೆಲೇ ಬಿಚ್ಚಕೂಡದು. ಬಿಚ್ಚಿದರೆ ಕುದುರೆಯು ತನ್ನ ಸ್ಥಳ ಬಿಟ್ಟು ಸರಿಯಬಹುದು. ಒಂದು ಬಿರಡೆಯನ್ನು ಇನ್ನೊಂದರ ರಂಧ್ರಕ್ಕೆ ಹಾಕಲೂ ಕೂಡದು. ಒಂದೊಂದನ್ನೂ ಅದರದರ ರಂಧ್ರಕ್ಕೆ ಹೊಂದಿಸಿ ತಿದ್ದಿರುವರು. ತೆಗೆದ ಬಿರಡೆಯನ್ನು ಒಣ ಅರಿವೆಯಿಂದ ಒರೆಸಿ ನೋಡಿದರೆ ತಿಕ್ಕಾಟದಿಂದ ಹೊಳಪಾದ ಪಟ್ಟಿಗಳು ಕಾಣುವವು. ಆ ಹೊಳಪಿನ ಮೇಲೆ ಸೀಮೆಸುಣ್ಣವನ್ನು ತೆಳ್ಳಗೆ ತಿಕ್ಕಿ, ಮರಳಿ ಹಾಕಿ ನಾಲ್ಕಾರು ಸಲ ತಿರುವಬೇಕು. ಸುಣ್ಣವು ನುಣುಪನ್ನು ಕಳೆದು ಹಿಡಿತವನ್ನು ಕೊಡುವದು. ಮಳೆಗಾಲದಲ್ಲಿ ಕಚ್ಚಿಕೊಂಡ ಬಿರಡೆಗಾದರೆ, ವಾದ್ಯವನ್ನು ಒಂದೆರಡು ದಿವಸ ಒಣಕೋಣೆಯಲ್ಲಿಟ್ಟು, ಬಿರಡೆಯು ಸಡಿಲಾದ ಮೇಲೆ ಒಣಸಾಬೂನನ್ನು ಸ್ವಲ್ಪವೇ ತಿಕ್ಕಿ ಅದರ ಮೇಲೆ ಸುಣ್ಣವನ್ನು ಹಚ್ಚಬಹುದು. ಸುತ್ತಿಗೆಯಿಂದ ಬಡಿಯಬೇಡಿರಿ, ದಂಡಿಯು ಸೀಳಿದರೆ ವಾದ್ಯವೇ ಹೋಯಿತು.

ಮಾಡಬಾರದ ಕೆಲಸಗಳು ಇನ್ನೂ ಮೂರು. ಕೊಬ್ಬರಿ ಎಣ್ಣೆಯನ್ನು ಬಿಡಬಾರದು. ಅದು ಕಟ್ಟಿಗೆಯೊಳಗೆ ಇಳಿದರೆ ಹಿಡಿತವು ಮತ್ತೆ ಬರುವದು ಕಷ್ಟ. ಅಂಟು ಹಾಕಬಾರದು, ಬಿರಡೆಯ ಧರ್ಮವೇ ತಿರುಗುವದು. ಉಸುಕುಕಾಗದದಿಂದ ಮನಬಂದಂತೆ ಉಜ್ಜಬಾರದು. ಬಿರಡೆ ಸಣ್ಣದಾದಷ್ಟೂ ರೋಗ ಹೆಚ್ಚುವದು. ಭಜನೆಯ ಹೊತ್ತಿಗೆ ತುರ್ತಾಗಿ ಬೇಕಾದರೆ ತೆಳುಕಾಗದದ ಒಂದು ಸುತ್ತನ್ನು ಬಿರಡೆಗೆ ಕೊಟ್ಟು ಆ ರಾತ್ರಿಯನ್ನು ಕಳೆಯಬಹುದು. ಆದರೆ ಬಿರಡೆಯು ರಂಧ್ರದಲ್ಲಿ ಗಡಗಡ ಅಲುಗಾಡುವಂತಿದ್ದರೆ, ರಂಧ್ರವನ್ನು ತಿದ್ದಿ ಹೊಸ ಬಿರಡೆಯನ್ನು ಕೂಡಿಸುವದು ಕಸಬುದಾರನ ಕೆಲಸ. ಮಿರಜಕ್ಕೆ ಹೋದಾಗ ವಾದ್ಯವನ್ನೂ ಒಯ್ಯಬೇಕು.

ತಂತಿಯನ್ನು ಏರಿಸುವಾಗ ಮುಖವನ್ನು ಅದರ ಸಮೀಪಕ್ಕೆ ತರಬಾರದು; ಮಕ್ಕಳನ್ನು ದೂರ ಕೂಡಿಸಬೇಕು. ಬಿಗಿದ ಉಕ್ಕಿನ ತಂತಿಯು ಕಡಿದು ಸಿಡಿದರೆ ಕಣ್ಣಿಗೇ ಅಪಾಯ.

ಈಗಿನ ಮನೆಗಳಲ್ಲಿ ತಂಬೂರಿಯ ಸ್ಥಳಕ್ಕೆ ವಿದ್ಯುತ್ತಿನ ಶ್ರುತಿಪೆಟ್ಟಿಗೆಗಳು ಬಂದಿವೆ, ಬೆಂಗಳೂರಿನ ಜಿ. ರಾಜನಾರಾಯಣರು ಇವನ್ನು ರೂಪಿಸಿ ಹೆಸರು ಪಡೆದರು. ತರುಣರ ಕೈಯಲ್ಲಿ ವಿದ್ಯುತ್ ಗಿಟಾರವೂ ಬಂದಿದೆ. ಅವುಗಳ ದನಿಯ ಏರಿಳಿತಕ್ಕಿರುವ ಗುಂಡಿಗಳೂ ಸಡಲುವವು. ಅಲ್ಲಿಯೂ ಪರೀಕ್ಷೆಯೇ ಮೊದಲು. ಗಿಟಾರದಲ್ಲಿ ಗುಂಡಿಯು ಮಾತ್ರ ತಿರುಗಿ ದನಿ ಬದಲಾಗದಿದ್ದರೆ, ಅದು ಒಳಗಿನ ಕಡ್ಡಿಯ ಮೇಲೆ ಸಡಲಿರುವದು. ಗುಂಡಿಯ ಮಗ್ಗುಲಿಗೆ ಚಿಕ್ಕ ಸ್ಕ್ರೂ ಇದ್ದರೆ ಅದನ್ನು ಬಿಗಿದರೆ ಸಾಕು. ಸ್ಕ್ರೂ ಇಲ್ಲದೆ, ಸೀಳುಳ್ಳ ಕಡ್ಡಿಯ ಮೇಲೆ ಒತ್ತಿ ಕೂಡಿಸಿದ್ದಾದರೆ, ಗುಂಡಿಯನ್ನು ನೇರವಾಗಿ ಮೇಲಕ್ಕೆತ್ತಿ ತೆಗೆದು, ಸೀಳನ್ನು ತೆಳ್ಳನೆಯ ಸ್ಕ್ರೂ ಡ್ರೈವರಿನಿಂದ ಎಳ್ಳಷ್ಟೇ ಅಗಲಿಸಿ ಮತ್ತೆ ಒತ್ತಬೇಕು. ಹಾಗಲ್ಲದೆ ಕಡ್ಡಿಯೂ ಗುಂಡಿಯೂ ಕೂಡಿಯೇ ಅಲುಗಾಡುತ್ತಿದ್ದರೆ ಕೆಳಗಿನ ನಟ್ಟು ಸಡಲಿರುವದು. ಕಡ್ಡಿಯನ್ನು ತಿರುಗಗೊಡದೆ ಹಿಡಿದು, ನಟ್ಟನ್ನು ಪಾನಾದಿಂದ ಮೆಲ್ಲಗೆ ಬಿಗಿಯಬೇಕು. ಹೀಗೆ ಹಿಡಿಯದಿದ್ದರೆ ಒಳಗಿನ ಯಂತ್ರವೆಲ್ಲ ತಿರುಗಿ, ಬೆಸುಗೆ ಹಾಕಿದ ತಂತಿಗಳು ಹರಿದು, ಗಿಟಾರವು ಮೂಕವಾಗುವದು. ಶ್ರುತಿಪೆಟ್ಟಿಗೆಯನ್ನು ಮಾತ್ರ ವಿದ್ಯುತ್ತಿನ ಸಂಬಂಧವನ್ನು ಕಡಿದ ಮೇಲೆಯೇ ಮುಟ್ಟತಕ್ಕದ್ದು.

ಅಜ್ಜನ ಕಾಲದ ತಂಬೂರಿಯು ಶ್ರುತಿ ನಿಲ್ಲದೆಂಬ ಕಾರಣಕ್ಕೆ ಗೂಟಕ್ಕೆ ತೂಗುಬಿದ್ದು, ಕೊನೆಗೆ ಮೋಡಕಿನವನ ಪಾಲಾದ ಉದಾಹರಣೆಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅಂಥ ವಾದ್ಯವು ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಕೆಳಗಿಳಿಸಿ ಧೂಳು ಒರೆಸಿರಿ, ಸೀಸಕಡ್ಡಿಯ ಗೆರೆಯನ್ನೆಳೆದು ಪರೀಕ್ಷಿಸಿರಿ. ಬೇಕಾದದ್ದು ಒಂದು ತುಂಡು ಸೀಮೆಸುಣ್ಣ, ಒಂದು ಒಣ ಅರಿವೆ, ಅರ್ಧ ತಾಸಿನ ಬಿಡುವು. ಸ್ವರವು ನಿಂತರೆ ಮನೆಯ ಮಕ್ಕಳನ್ನು ಕರೆದು ಅದರ ಮುಂದೆ ಕೂಡಿಸಿರಿ.