ಮಕ್ಕಳ ಕಾರ್ಡಿನಾಟ ಮತ್ತು ನಾವು ಕಾಣದ ಜೂಜು

ಜುಮಾ ನಮಾಝ್ ಮುಗಿಸಿ ಮೈಸೂರಿನ ಅಗ್ರಹಾರದ ಮಾರ್ಗವಾಗಿ ಬರುತ್ತಿದ್ದಾಗ ಒಂದು ಸಣ್ಣ ಅಂಗಡಿಯ ಮುಂದೆ ಕಂಡ ದೃಶ್ಯವಿದು. ಬಾಲಕನೊಬ್ಬ ಹತ್ತು ರೂಪಾಯಿಯ ಕಾರ್ಡ್ ಪ್ಯಾಕೆಟ್‌ಗಳನ್ನು ಒಂದರ ಹಿಂದೊಂದರಂತೆ ಹರಿಯುತ್ತಿದ್ದ. ಅವನು ಬಯಸಿದ ಹೊಳೆಯುವ ಕಾರ್ಡ್ ಯಾವುದರಲ್ಲಿಯೂ ಇರಲಿಲ್ಲ. ಸಿಕ್ಕಿದವುಗಳನ್ನು ರಸ್ತೆಗೆಸೆದು, “ಅಬ್ಬಾ, ಇನ್ನೊಂದೇ ಒಂದು” ಎಂದು ತಂದೆಯ ಕೈ ಜಗ್ಗಿದ. ತಲೆಯ ಮೇಲಿನ ಟೋಪಿಯನ್ನೂ ಇನ್ನೂ ತೆಗೆದಿರದ ಆ ತಂದೆ ನಗುತ್ತಲೇ ಮತ್ತೆ ಹಣ ಕೊಟ್ಟರು. ಲಾಟರಿ ಟಿಕೆಟನ್ನು ಕೈಯಿಂದಲೂ ಮುಟ್ಟದ ಸಜ್ಜನರವರು. ಆದರೆ ಆ ಕ್ಷಣದಲ್ಲಿ ತಮ್ಮ ಮಗನಿಗೆ ಅವರು ಕಲಿಸುತ್ತಿದ್ದುದು ಏನನ್ನು?

ಇಂತಹ ಆಟಿಕೆಗಳ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆಯುವುದಿಲ್ಲ ಎಂದಲ್ಲ. ತಪ್ಪು ದಿಕ್ಕಿನಲ್ಲಿ ನಡೆಯುತ್ತದೆ. ನನ್ನ ತಂಗಿಯ ಮನೆಯಲ್ಲಿ ‘ಬಾಕುಗನ್’ ಎಂಬ ಆಟಿಕೆಯಿದೆ. ಜಪಾನಿನ ಸೇಗಾ ಟಾಯ್ಸ್ ಮತ್ತು ಕೆನಡಾದ ಸ್ಪಿನ್ ಮಾಸ್ಟರ್ ಕಂಪೆನಿಗಳು ಸೇರಿ ರೂಪಿಸಿದ ಇದರ ಕಾರ್ಟೂನ್ ಸರಣಿ 2007ರಲ್ಲಿ ಆರಂಭವಾಯಿತು. ಅಯಸ್ಕಾಂತವಿರುವ ಪುಟ್ಟ ಚೆಂಡನ್ನು ಲೋಹದ ‘ಗೇಟ್ ಕಾರ್ಡ್’ ಮೇಲೆ ಉರುಳಿಸಿದರೆ ಅದು ಥಟ್ಟನೆ ಬಿಚ್ಚಿ ಒಂದು ಪ್ರಾಣಿಯ ರೂಪ ತಾಳುತ್ತದೆ. ಇಬ್ಬರ ಚೆಂಡುಗಳೂ ಒಂದೇ ಕಾರ್ಡಿನ ಮೇಲೆ ಬಿಚ್ಚಿಕೊಂಡರೆ ಕಾಳಗ. ಚೆಂಡಿನ ಮೇಲಿರುವ ಶಕ್ತಿಯ ಸಂಖ್ಯೆಗೆ ಗೇಟ್ ಕಾರ್ಡಿನ ಅಂಕವನ್ನೂ ‘ಎಬಿಲಿಟಿ ಕಾರ್ಡ್’ ನೀಡುವ ಬಲವನ್ನೂ ಕೂಡಿಸಿ, ಮೊತ್ತ ಹೆಚ್ಚಾದವನಿಗೆ ಗೆಲುವು. ಮೂರು ಗೇಟ್ ಕಾರ್ಡ್‌ಗಳನ್ನು ಮೊದಲು ಗೆದ್ದವನು ಆಟ ಗೆದ್ದಂತೆ.

ಇದನ್ನು ಕಂಡ ಹಿರಿಯರೊಬ್ಬರು “ಇವು ಶೈತಾನನ ರೂಪಗಳು, ಮನೆಯಿಂದ ಹೊರಗೆಸೆಯಿರಿ” ಎಂದರು. ಅವರ ಕಾಳಜಿಯನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ. ಹಝ್ರತ್ ಆಯಿಶಾ(ರ)ರ ಆಟಿಕೆಗಳ ನಡುವೆ ರೆಕ್ಕೆಗಳಿರುವ ಕುದುರೆಯೊಂದಿತ್ತೆಂದೂ ಅದನ್ನು ಕಂಡು ಪ್ರವಾದಿ(ಸ)ರು ನಕ್ಕರೆಂದೂ ಅಬೂದಾವೂದ್‌ನ ವರದಿಯಿದೆ. ಮಗುವಿನ ಕಲ್ಪನೆಯನ್ನು ಕಂಡು ನಕ್ಕ ಪ್ರವಾದಿಯ ಸಮುದಾಯ ನಾವು. 2001ರಲ್ಲಿ ಸೌದಿ ಅರೇಬಿಯಾದ ವಿದ್ವಾಂಸರು ಪೋಕೆಮಾನ್ ಕಾರ್ಡ್‌ಗಳನ್ನು ನಿಷೇಧಿಸಿದಾಗ ಕೊಟ್ಟ ಕಾರಣಗಳಲ್ಲಿ ಜೂಜು ಒಂದಾಗಿತ್ತು, ಚಿಹ್ನೆಗಳ ಕುರಿತ ಸಂಶಯ ಇನ್ನೊಂದಾಗಿತ್ತು. ಜನರು ಚಿಹ್ನೆಯ ಕಥೆಯನ್ನು ಹಂಚಿಕೊಂಡರು, ಜೂಜಿನ ಮಾತನ್ನು ಮರೆತರು. ಇಂದಿಗೂ ವಾಟ್ಸಾಪ್‌ನಲ್ಲಿ ಹರಿದಾಡುವುದು ಆ ಮೊದಲಿನ ಕಥೆಯೇ.

ಕಾರ್ಡ್ ಎಂಬುದು ಮೈಸೂರಿಗೆ ಹೊಸದಲ್ಲ. ಮೊಘಲರ ಮೂಲಕ ಈ ನಾಡಿನಲ್ಲಿ ಹಬ್ಬಿದ ಗಂಜೀಫಾ ಇಲ್ಲಿ ಅರಮನೆಯ ಕಲೆಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ‘ಛದ’ ಎಂಬ ಆಟಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ 18 ಬಗೆಯ ಎಲೆಗಳವರೆಗೆ ಬಳಕೆಯಿತ್ತು, ವಿಶೇಷ ಬಲದ ಎಲೆಗಳೂ ಇದ್ದವು. ಆದರೆ ಅಲ್ಲಿ ಎಲೆಗಳ ಕಟ್ಟು ಪೂರ್ಣವಾಗಿರುತ್ತಿತ್ತು. ಯಾವ ಎಲೆಗಳಿವೆಯೆಂಬುದು ಎಲ್ಲರಿಗೂ ತಿಳಿದಿತ್ತು. ಇಂದಿನ ವ್ಯಾಪಾರ ಕಟ್ಟನ್ನು ಒಡೆದು, ಬಲಿಷ್ಠ ಎಲೆಯನ್ನು ಬೇಕೆಂದೇ ವಿರಳಗೊಳಿಸಿ, ಮುಚ್ಚಿದ ಪ್ಯಾಕೆಟ್‌ಗಳಲ್ಲಿ ಚದುರಿಸಿ ಮಾರುತ್ತದೆ. ಮಗು ಕೊಳ್ಳುವುದು ಕಾರ್ಡನ್ನಲ್ಲ, ಕಾರ್ಡ್ ಸಿಗಬಹುದೆಂಬ ಆಸೆಯನ್ನು.

“ಪ್ರತಿ ಪ್ಯಾಕೆಟ್‌ನಲ್ಲೂ ಏನಾದರೊಂದು ಸಿಗುತ್ತದಲ್ಲ, ಇದು ಜೂಜು ಹೇಗೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಲಾಟರಿಗೂ ಇದಕ್ಕೂ ಅಂತರವಿದೆ, ಒಪ್ಪುತ್ತೇನೆ. ಆದರೆ ಅಗ್ರಹಾರದ ರಸ್ತೆಯಲ್ಲಿ ಬಿದ್ದಿದ್ದ ಆ ಕಾರ್ಡ್‌ಗಳನ್ನು ನೆನೆಯಿರಿ. ಕೊಂಡ ಮರುಕ್ಷಣವೇ ಎಸೆಯುವ ವಸ್ತುವಿಗೆ ಬೆಲೆ ತೆತ್ತವರು ಯಾರೂ ಇಲ್ಲ. ಬೆಲೆ ತೆತ್ತದ್ದು ಅದೃಷ್ಟಕ್ಕೆ. ಕೊಳ್ಳುವವನಿಗೆ ವಸ್ತುವೇ ತಿಳಿಯದ ಅನಿಶ್ಚಿತ ವ್ಯಾಪಾರವನ್ನು, ಅಂದರೆ ಗರರ್ ಅನ್ನು, ಪ್ರವಾದಿ(ಸ)ರು ತಡೆದುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ವಿವೇಕ ಲೌಕಿಕ ಕಾನೂನಿಗೂ ಹೊಳೆದಿದೆ. ಒಂದು ಗುಂಪಿನ ಎಲ್ಲ ಚಿತ್ರಗಳನ್ನು ಅದೃಷ್ಟದಿಂದ ಕೂಡಿಸಿದರೆ ಬಹುಮಾನ ಕೊಡುವ ಮೊಬೈಲ್ ಆಟದ ವಿಧಾನವನ್ನು ಜಪಾನ್ 2012ರಲ್ಲಿ ತಡೆಯಿತು. ವಿಡಿಯೋ ಆಟಗಳ ‘ಲೂಟ್ ಬಾಕ್ಸ್’ ಜೂಜೆಂದು ಬೆಲ್ಜಿಯಂ 2018ರಲ್ಲಿ ಹೇಳಿತು. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ನಮ್ಮ ಸಂಸತ್ತು ನಿಷೇಧಿಸಿದಾಗ ನಾವೆಲ್ಲ ಸಂತೋಷಪಟ್ಟೆವು. ಆ ಚಟದ ಅಕ್ಷರಾಭ್ಯಾಸ ನಮ್ಮ ಮನೆಯಲ್ಲೇ ನಡೆಯುತ್ತಿಲ್ಲವೇ?

ಎರಡನೆಯ ಅಪಾಯ ಇನ್ನೂ ಸ್ಪಷ್ಟವಾದುದು. ಬಾಕುಗನ್ ನಿಯಮದಂತೆ ಆಟದಲ್ಲಿ ಗೆದ್ದ ಕಾರ್ಡ್ ಆಟ ಮುಗಿದೊಡನೆ ಒಡೆಯನಿಗೆ ಮರಳಬೇಕು. ಬೀದಿಯ ಮಕ್ಕಳು “ಗೆದ್ದದ್ದು ಗೆದ್ದವನಿಗೇ” ಎಂದು ಆಡುತ್ತಾರೆ. ನನ್ನ ತಂಗಿಯ ಮಗ ಪಕ್ಕದ ಮನೆಯ ಕಿರಿಯ ಗೆಳೆಯನ ಮೂರು ಕಾರ್ಡ್‌ಗಳನ್ನು ಹೀಗೆ ಗೆದ್ದು ತಂದ. ಆ ಹುಡುಗ ಒಂದು ವಾರ ಇವನೊಡನೆ ಮಾತನಾಡಲಿಲ್ಲ. ಮದ್ರಸಾದಲ್ಲೂ ದೂರ ಕುಳಿತ. ಜೂಜಿನ ಮೂಲಕ ಶೈತಾನನು ನಿಮ್ಮ ನಡುವೆ ಹಗೆತನ ಬಿತ್ತಬಯಸುತ್ತಾನೆಂದು ಅಲ್‌ಮಾಇದ ಅಧ್ಯಾಯದ 91ನೇ ಸೂಕ್ತ ಎಚ್ಚರಿಸುತ್ತದೆ. ಆ ಸೂಕ್ತದ ವ್ಯಾಖ್ಯಾನವನ್ನು ನಾನು ಅನೇಕ ಬಾರಿ ಓದಿದ್ದೆ. ಅರ್ಥವಾದುದು ಆ ಎರಡು ಮಕ್ಕಳ ಮುಖ ನೋಡಿದಾಗ. “ಮಾಮೂ, ನಾನು ಕದ್ದಿಲ್ಲ, ಗೆದ್ದೆ” ಎಂದು ಅವನು ಅತ್ತ. “ಗೆದ್ದದ್ದು ಆಟವನ್ನು, ಅವನ ವಸ್ತುವನ್ನಲ್ಲ” ಎಂದು ಹೇಳಿ, ಕಾರ್ಡ್‌ಗಳನ್ನು ಅವನ ಕೈಯಿಂದಲೇ ಹಿಂದಿರುಗಿಸಿದೆವು. ಮರುದಿನ ಇಬ್ಬರೂ ಮತ್ತೆ ಜೊತೆಯಾಗಿ ಆಡಿದರು.

ಕಾರ್ಡಿನಾಟಗಳ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ; ಅದನ್ನು ತೀರ್ಮಾನಿಸುವ ಅರ್ಹತೆ ನನಗಿಲ್ಲ, ನಿಮ್ಮ ಊರಿನ ಉಲಮಾಗಳನ್ನು ಕೇಳಿರಿ. ಆದರೆ ಪಣ ನಿಷಿದ್ಧವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ಹೆತ್ತವರಲ್ಲಿ ನನ್ನ ವಿನಂತಿಯಿಷ್ಟೆ. ಆಟಿಕೆ ಕೊಡಿಸುವುದಾದರೆ ಒಳಗೇನಿದೆಯೆಂದು ಕಾಣುವುದನ್ನೇ ಕೊಡಿಸಿರಿ. ಆಟ ಮುಗಿದಾಗ ಪ್ರತಿಯೊಬ್ಬನ ಕಾರ್ಡ್ ಅವನಿಗೇ ಮರಳಲಿ. ಅದಲುಬದಲು ಹಿರಿಯರ ಅರಿವಿನಲ್ಲಿ ನಡೆಯಲಿ; ತಿಳಿವಳಿಕೆ ಬಂದ ಮಗುವಿನ ವ್ಯವಹಾರಕ್ಕೂ ಪೋಷಕರ ಒಪ್ಪಿಗೆ ಬೇಕೆಂಬುದು ಹನಫೀ ಕರ್ಮಶಾಸ್ತ್ರದ ನಿಲುವು. ಅಂಗಡಿ ನಡೆಸುವ ನಮ್ಮ ಸಹೋದರರೇ, ಆ ಹತ್ತು ರೂಪಾಯಿಯ ಲಾಭದಲ್ಲಿ ಬರಕತ್ ಇದೆಯೇ ಎಂದು ನೀವೂ ನಿಮ್ಮನ್ನು ಕೇಳಿಕೊಳ್ಳಿರಿ.

ಮಗುವಿನ ಕೈಯಿಂದ ಆಟಿಕೆಯನ್ನು ಕಿತ್ತುಕೊಳ್ಳುವುದು ಸುಲಭ. ಪಣವನ್ನು ಬಿಡಿಸಿ ಆಟವನ್ನು ಉಳಿಸಿಕೊಡುವುದು ಕಷ್ಟ. ಆ ಕಷ್ಟವೇ ತರ್ಬಿಯತ್. ನಮ್ಮ ಮಕ್ಕಳಿಗೆ ನಿರ್ಮಲವಾದ ಸಂತೋಷವನ್ನೂ ನಮಗೆ ಅದನ್ನು ಗುರುತಿಸುವ ಕಣ್ಣನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.