ಸೆರೆಮನೆಯ ಹೊರಗೆ ಉಳಿದ ಮಕ್ಕಳು

ತಂದೆಯೋ ತಾಯಿಯೋ ಸೆರೆಮನೆ ಸೇರಿದಾಗ ನ್ಯಾಯಾಲಯದ ಕಡತದಲ್ಲಿ ಆರೋಪಿಯ ಹೆಸರಿರುತ್ತದೆ, ಕಾನೂನಿನ ಕಲಮು ಇರುತ್ತದೆ. ಮನೆಯಲ್ಲುಳಿದ ಮಕ್ಕಳನ್ನು ಕೇಳುವವರಿರುವುದಿಲ್ಲ. 2022ರ ಅಂತ್ಯದಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಊರಿನವರ ತೀರ್ಪು ಮಾತ್ರ ಅವರ ಮಕ್ಕಳ ಮೇಲೆ ಮೊದಲ ದಿನವೇ ಬಿದ್ದಿರುತ್ತದೆ.

ತಾಯಿಯೊಡನೆ ಸೆರೆಮನೆಯಲ್ಲಿರುವ ಮಗುವಿಗೆ ಆರು ವರ್ಷದವರೆಗೆ ಆಹಾರ, ಆರೋಗ್ಯ, ಶಿಕ್ಷಣಗಳ ಏರ್ಪಾಡು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ವಿಧಿಸಿತು. ಹೊರಗುಳಿದ ಮಕ್ಕಳಿಗಾಗಿ 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿಗಳಿವೆ. ಆದರೆ ಮಗುವಿನ ಸಂಕಟವನ್ನು ಯಾರಾದರೂ ಗಮನಿಸಿ ಅಲ್ಲಿಗೆ ಮುಟ್ಟಿಸಬೇಕು.

ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಈ ಸಂಕಟ ಸುಲಭವಾಗಿ ಮರೆಯಾಗುತ್ತದೆ. ಇಲ್ಲಿ ದುಡಿಮೆಗಾಗಿ ಗುಳೆ ಹೋಗುವುದು ಹೊಸದಲ್ಲ. ಆದುದರಿಂದ “ನಿಮ್ಮಪ್ಪ ಬೆಂಗಳೂರಿಗೆ ದುಡಿಯಾಕ ಹೋಗ್ಯಾನ” ಎಂದು ಅಜ್ಜಿ ಹೇಳಿದರೆ ಮಗು ನಂಬುತ್ತದೆ. ಒಂದು ದಿನ ಶಾಲೆಯಲ್ಲಿ ಜೊತೆಯವರ ಬಾಯಿಂದ ನಿಜ ಕೇಳಿದಾಗ ತಂದೆಯ ಮೇಲಿನ ವಿಶ್ವಾಸದೊಡನೆ ಅಜ್ಜಿಯ ಮೇಲಿನ ವಿಶ್ವಾಸವೂ ಕುಸಿಯುತ್ತದೆ. ಆಮೇಲೆ ಮೌನ, ನಿದ್ರೆಯಲ್ಲಿ ಬೆಚ್ಚುವಿಕೆ, ಜಗಳಗಂಟಿತನ, ಶಾಲೆ ತಪ್ಪಿಸುವಿಕೆ ಕಾಣಿಸಿಕೊಳ್ಳಬಹುದು. ಇದನ್ನು ಹಟವೆಂದು ದಂಡಿಸುವುದು ಗಾಯದ ಮೇಲೆ ಬರೆ ಎಳೆದಂತೆ.

ಮೊದಲ ಚಿಕಿತ್ಸೆ ಮನೆಯಲ್ಲೇ ಇದೆ: ವಯಸ್ಸಿಗೆ ತಕ್ಕಂತೆ ನಿಜ ಹೇಳುವುದು, ನಡೆದುದರಲ್ಲಿ ನಿನ್ನ ತಪ್ಪಿಲ್ಲವೆಂದು ಮತ್ತೆ ಮತ್ತೆ ತಿಳಿಸುವುದು, ಮಗು ಬಯಸಿದರೆ ತಂದೆ ತಾಯಿಯ ಭೇಟಿಗೆ ಕರೆದೊಯ್ಯುವುದು. ಕಲಬುರಗಿಯ ಕೇಂದ್ರ ಕಾರಾಗೃಹಕ್ಕೆ ಹೋಗಿಬರಲು ಸುರಪುರದ ಕೂಲಿ ಕುಟುಂಬಕ್ಕೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋಗುತ್ತವೆ. ಧರ್ಮಕೇಂದ್ರವೊಂದು ಆ ಖರ್ಚನ್ನು ವಹಿಸಿಕೊಳ್ಳುವುದು ದೊಡ್ಡ ಭಾರವಲ್ಲ. ಮನಸ್ಸಿನ ಬಾಧೆ ಬಿಡದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416ರಲ್ಲಿ ಉಚಿತವಾಗಿ ದೊರೆಯುತ್ತದೆ. ಮಕ್ಕಳ ರಕ್ಷಣೆಗೆ 1098 ಇದೆ.

ಸೆರೆಯಲ್ಲಿದ್ದವರನ್ನು ಸಂದರ್ಶಿಸುವುದನ್ನು ಪ್ರಭು ಯೇಸು ತಮಗೇ ಮಾಡಿದ ಸೇವೆಯೆಂದು ಎಣಿಸಿದರೆಂಬುದು ಸಂತ ಮತ್ತಾಯನ ಶುಭಸಂದೇಶ ಓದಿದವರಿಗೆಲ್ಲ ಗೊತ್ತು. ಸೆರೆವಾಸಿಗಳ ಪಾಲಕರಾದ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರು 1941ರಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ ಪ್ರಾಣ ಕೊಟ್ಟದ್ದು, ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟ ಕೈದಿಯೊಬ್ಬನಿಗೆ ಬದಲಾಗಿ. ನಮ್ಮಿಂದ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ಅಂಥ ಮಗು ನಮ್ಮ ಮಕ್ಕಳೊಡನೆ ಆಡಲು ಬಂದಾಗ, ಅದರ ತಂದೆ ಏನು ಮಾಡಿದನೆಂದು ವಿಚಾರಿಸದೆ ಬಾಗಿಲು ತೆರೆದರೆ ಸಾಕು.